ಎನಿಯಾಸನ ನಿಲುವಂಗಿ

ಗ್ವಾತಿಜೊ ಹೊಸದಾಗಿ ತೋಡಿದ ಗುಂಡಿಯೊಳಗೆ ಅಂಗಾತ ಮಲಗಿ, ಒಂದು ಕೋಳಿ ಕೊಡುವವರೆಗೂ ಮೇಲೇಳುವುದಿಲ್ಲವೆಂದು ಹಟ ಹಿಡಿದಿದ್ದ. ಗುಂಡಿ ತೋಡಿದ ಗಂಡಸರು ಸಲಿಕೆ ಊರಿಕೊಂಡು ನಗುತ್ತಿದ್ದರು. ಅತ್ತು ಕಣ್ಣು ಊದಿಸಿಕೊಂಡಿದ್ದ ಹೆಂಗಸರೂ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು.

"ನಿಮ್ಮ ಎನಿಯಾಸ ನನಗಿಂತ ಒಂದು ಗೇಣು ಉದ್ದ ಇದ್ದ. ನನಗೇ ಇಲ್ಲಿ ಕಾಲು ಚಾಚೋಕಾಗ್ತಿಲ್ಲ. ಅವನನ್ನೇನು ಮಡಚಿ ಹೂಳ್ತೀರಾ?" ಎಂದು ಗುಂಡಿಯೊಳಗಿಂದ ದನಿ ಬಂತು.

ಗ್ವಾತಿಜೊ ಸತ್ತವನ ಸಹ್ವಿರ. ಎರಡು ಮನೆತನಗಳ ನಡುವೆ ತಾತಂದಿರ ಕಾಲದಿಂದ ನಡೆದು ಬಂದ ಗೆಳೆತನ ಅದು. ಸಾವಿನ ಮನೆಯಲ್ಲಿ ಸಹ್ವಿರನ ಬಾಯಿಗೆ ಬೀಗವಿಲ್ಲ. ಸತ್ತವನ ಕೋಟು ತೊಟ್ಟು ಅವನ ಹಾಗೆಯೇ ಕೆಮ್ಮಬಹುದು, ಅವನ ಜಿಪುಣತನವನ್ನು ಎತ್ತಿ ಆಡಬಹುದು, ಅವನು ಆಡದೆ ಉಳಿಸಿಹೋದ ಮಾತನ್ನು ತಾನು ಆಡಬಹುದು. ಅದಕ್ಕೆ ಸಿಟ್ಟು ಮಾಡಿಕೊಂಡವನದೇ ಮರ್ಯಾದೆ ಹೋಗುತ್ತದೆ.

ಮುಚನೆತಾ ಮಾತ್ರ ನಗಲಿಲ್ಲ. ಗಂಡನ ಹೆಣವಿದ್ದ ಕೋಣೆಯ ಬಾಗಿಲಲ್ಲಿ ಕೂತು ಅವಳು ದಾರಿ ನೋಡುತ್ತಿದ್ದಳು. ಮಗಳು ರುವಿಂಬೊ ಬೆಳಿಗ್ಗೆಯೇ ಬಿಷಪ್ ಸೆಫನಿಯರ ಮನೆಗೆ ಹೋಗಿದ್ದಳು. ಎನಿಯಾಸನ ಬಿಳಿ ನಿಲುವಂಗಿ, ಹಸಿರು ನಡುಪಟ್ಟಿಯದು, ಅಲ್ಲಿತ್ತು. ಅದನ್ನು ತೊಡಿಸದೆ ಮಣ್ಣು ಮಾಡುವುದಿಲ್ಲವೆಂದು ಮುಚನೆತಾ ಗಂಡನಿಗೆ ಮಾತು ಕೊಟ್ಟಿದ್ದಳು. ಆದರೆ ಮಳೆ ಇನ್ನೂ ಬಾರದ ಅಕ್ಟೋಬರ್ ತಿಂಗಳು, ಬಿಸಿಲು ಯಾರ ಮಾತಿಗೂ ಕಾಯುವುದಿಲ್ಲ. ಬೆಳಗಿನಿಂದಲೇ ಕೋಣೆಯಲ್ಲಿ ನೊಣ ಸೇರತೊಡಗಿದ್ದವು.

ರುವಿಂಬೊ ಬಂದಳು. ಬರಿಗೈ.

"ಮಧ್ಯಾಹ್ನ ಅವರೇ ತರ್ತಾರಂತೆ," ಎಂದಳು, ನಿಂತುಕೊಂಡೇ. "ಆದ್ರೆ ಪುಕ್ಕಟೆ ಅಲ್ಲ. ಅಪ್ಪ ಒಪ್ಪಿಕೊಳ್ಳದೆ ಸತ್ತ. ಅವನ ಪರವಾಗಿ ಮನೆಯೋರು ಯಾರಾದ್ರೂ ಹೆಣದ ಮುಂದೆ ನಿಂತು ಒಪ್ಪಿಕೋಬೇಕಂತೆ. ಮಣ್ಣಿಗೆ ಮಾಟ ಮಾಡಿದವನು ಅಂತ, ಆ ಮಾತಲ್ಲೇ."

"ಹೇಳ್ತೀನಿ ಬಿಡು," ಎಂದಳು ಮುಚನೆತಾ.

"ಏನು ಹೇಳ್ತೀಯ? ಅಪ್ಪ ಮಾಟಗಾರ ಅಂತ ನಿನ್ನ ಬಾಯಲ್ಲೇ ಬಂದ್ರೆ ನಾಳೆ ನನ್ನ ಹೆಣ್ಣುಮಕ್ಕಳನ್ನ ಯಾರವ್ವ ಮದ್ವೆ ಆಗ್ತಾರೆ? ಮಾಟಗಾರನ ಮೊಮ್ಮಕ್ಕಳು ಅಂತ ಬಾವಿ ಹತ್ರಾನೂ ಸೇರಿಸಲ್ಲ." ಅವಳು ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಈಗ ಬಂತು. "ಮರ ಕಡಿದಿದ್ದು ಅವನೊಬ್ನೇನಾ?"

ಅವನೊಬ್ಬನೇ ಅಲ್ಲವೆಂದು ಮುಚನೆತಾಳಿಗೆ ಗೊತ್ತಿದ್ದಷ್ಟು ಆ ಅಂಗಳದಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ, ಗುಂಡಿಯಲ್ಲಿ ಮಲಗಿದ್ದ ಗ್ವಾತಿಜೊ ಒಬ್ಬನನ್ನು ಬಿಟ್ಟರೆ.

*

ಆ ಮರ ಕಡಿದ ಕಾಲಕ್ಕೆ ಸೆಫನಿಯ ಇನ್ನೂ ಬಿಷಪ್ ಆಗಿರಲಿಲ್ಲ. ಒಳ್ಳೆಯ ಕಂಠದ, ಸವೆದ ಬೂಟಿನ ಎಳೆ ಬೋಧಕ. ಜನ ಮುಸಾಸ ಮರದ ನೆರಳಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದರು. ಮಳೆ ಬಂದರೆ ಪ್ರಾರ್ಥನೆ ಅರ್ಧಕ್ಕೇ ಚೆದುರುತ್ತಿತ್ತು. ನಮಗೂ ಒಂದು ಗೋಡೆ, ಒಂದು ಮಾಡು ಬೇಕು ಎಂದರು ಸೆಫನಿಯ. ಇಟ್ಟಿಗೆ ಸುಡಲು ಬರುತ್ತಿದ್ದವನು ಸುತ್ತಿನಲ್ಲಿ ಎನಿಯಾಸ ಒಬ್ಬನೇ. ಆದರೆ ಗೂಡಿಗೆ ಸೌದೆ ಬೇಕಲ್ಲ. ಅಷ್ಟು ಸೌದೆ ಇದ್ದದ್ದು ಊರ ಹಿಂದಿನ ಬೆಟ್ಟದಲ್ಲಿ ಮಾತ್ರ.

ಆ ಬೆಟ್ಟದಲ್ಲಿ ಹಿರಿಯರನ್ನು ಹೂಳಿದ್ದರು. ಬಿದ್ದ ಒಣಕಡ್ಡಿಯನ್ನೂ ಅಲ್ಲಿಂದ ಯಾರೂ ತರುತ್ತಿರಲಿಲ್ಲ. ಎನಿಯಾಸನಿಗೂ ಹೆದರಿಕೆಯೇ. ಆ ಭಾನುವಾರ ಸೆಫನಿಯ ಸೃಷ್ಟಿಯ ಕತೆಯ ಮೊದಲ ಪುಟ ಓದಿದರು. ದೇವರು ನೆಲವನ್ನೂ ಮರವನ್ನೂ ಮೃಗವನ್ನೂ ಮನುಷ್ಯನ ಕೈಗೆ ಒಪ್ಪಿಸಿದ್ದಾನೆ, ಒಡೆಯನಾದವನು ತನ್ನ ಆಳಿಗೆ ಹೆದರುವುದುಂಟೇ, ಮರಕ್ಕೆ ಕೈಮುಗಿಯುವವನು ದೇವರ ಕೈಯನ್ನೇ ತಳ್ಳಿದ ಹಾಗೆ ಎಂದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ, ಮುದುಕಿಯರು ಕೂಡ ಎದ್ದು ಕುಣಿದರು.

ಮರುದಿನ ಸುಣ್ಣದ ಡಬ್ಬಿ ಹಿಡಿದು ಸೆಫನಿಯ ಮುಂದೆ, ಕೊಡಲಿ ಹಿಡಿದು ಎನಿಯಾಸ ಹಿಂದೆ, ಅವನ ಹಿಂದೆ ಗ್ವಾತಿಜೊ. ಸೆಫನಿಯ ಬೆರಳನ್ನು ಸುಣ್ಣಕ್ಕೆ ಅದ್ದಿ ಮರದ ಮೇಲೆ ಶಿಲುಬೆ ಬರೆಯುತ್ತಿದ್ದರು. ಬರೆದ ಮರಕ್ಕೆ ಕೊಡಲಿ ಬೀಳುತ್ತಿತ್ತು. ಆಗಷ್ಟೇ ಮದುವೆಯಾಗಿ ಬಂದಿದ್ದ ಮುಚನೆತಾ ಮಣ್ಣು ಕಲಸಲು ಬೆಟ್ಟದ ಬುಡದಲ್ಲಿ ಉಕ್ಕುವ ಊಟೆಯಿಂದ ನೀರು ಹೊರುತ್ತಿದ್ದಳು. ಊಟೆಯ ಮೇಲೆಯೇ ಬಾಗಿ ನಿಂತ ಒಂದು ಅತ್ತಿಮರ. ಮೂವರು ತಬ್ಬಿದರೂ ಕೈ ಕೂಡದಷ್ಟು ದಪ್ಪ. ಅದರ ಹತ್ತಿರ ಬಂದಾಗ ಎನಿಯಾಸ ಕೊಡಲಿ ಕೆಳಗಿಟ್ಟ.

"ಇದನ್ನೂನಾ?" ಎಂದ.

ಸೆಫನಿಯ ಮೇಲೆ ನೋಡಿದರು. ಒಂದು ಗಳಿಗೆ ಅವರೂ ಅಳುಕಿದ್ದನ್ನು ಮುಚನೆತಾ ಕಂಡಳು. ಆಮೇಲೆ ಬೆರಳನ್ನು ಸುಣ್ಣಕ್ಕೆ ಅದ್ದಿದರು.

ಗೂಡು ಉರಿಯಿತು. ಊರೆಲ್ಲ ಹೊಗೆ. ಮಳೆಗಾಲದ ಮೊದಲೇ ಚರ್ಚು ಎದ್ದು ನಿಂತಿತು, ಇವತ್ತಿಗೂ ನಿಂತಿದೆ, ಒಂದು ಬಿರುಕಿಲ್ಲ. ಸಭೆಯಲ್ಲಿ ಮೊದಲ ನಿಲುವಂಗಿ ತೊಡಿಸಿದ್ದು ಎನಿಯಾಸನಿಗೆ. ಅವತ್ತು ಅವನು ಮನೆಗೆ ಬಂದವನು ಅದನ್ನು ಬಿಚ್ಚದೆಯೇ ಜೋಳದ ಮುದ್ದೆ ಉಂಡ, ಬಿಚ್ಚದೆಯೇ ಮಲಗಿದ. ಮುಚನೆತಾಳಿಗೆ ನಗು ತಡೆಯಲಾಗಿರಲಿಲ್ಲ.

*

ಮಧ್ಯಾಹ್ನ ಡೋಲು ಕೇಳಿಸಿತು. ಬಿಷಪ್ ಸೆಫನಿಯ ಬಂದರು, ಹಿಂದೆ ಬಿಳಿ ಬಟ್ಟೆಯ ಸಭೆ. ಅವರಿಗೀಗ ಮಂಡಿ ಬಾರದು. ಕೋಲೂರಿ, ಪ್ರತಿ ಹೆಜ್ಜೆಗೂ ಮುಖ ಹಿಂಡುತ್ತಾ ನಡೆದರು. ತೋಳಿನ ಮೇಲೆ ಮಡಿಸಿದ ನಿಲುವಂಗಿ ಇತ್ತು. ಇನ್ನೊಂದು ಕೈಯಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬೆಳೆದ ಒಂದು ಸಸಿ.

ಅವರು ಕೆಟ್ಟವರು ಎಂದು ಮುಚನೆತಾ ಯಾವತ್ತೂ ಅಂದುಕೊಂಡವಳಲ್ಲ. ರುವಿಂಬೊ ಚಿಕ್ಕವಳಿದ್ದಾಗ ಜ್ವರದಲ್ಲಿ ಹೋಗೇಬಿಟ್ಟಳು ಅನ್ನುವ ಹೊತ್ತಿಗೆ ಎರಡು ರಾತ್ರಿ ನಿದ್ದೆಗೆಟ್ಟು ಪ್ರಾರ್ಥನೆ ಮಾಡಿದವರು ಅವರೇ. ಬೋಳಾದ ಬೆಟ್ಟಕ್ಕೆ ಮತ್ತೆ ಸಸಿ ಹೊತ್ತು ಹೊತ್ತು ಮಂಡಿ ಕಳೆದುಕೊಂಡವರೂ ಅವರೇ. ಅದನ್ನೆಲ್ಲ ಅವಳು ಬಲ್ಲಳು. ಬಲ್ಲಳಾದ್ದರಿಂದಲೇ ಅವಳ ಸಿಟ್ಟು ಆರುತ್ತಿರಲಿಲ್ಲ. ಇಷ್ಟೆಲ್ಲ ಮಾಡಬಲ್ಲ ಮನುಷ್ಯನಿಗೆ ನಾನೂ ಇದ್ದೆ ಅನ್ನುವ ಒಂದು ಮಾತು ಮಾತ್ರ ಯಾಕೆ ಬಾಯಿಗೆ ಬರಲಿಲ್ಲ?

ಬಿಷಪ್ ಅವಳ ಎದುರು ತಲೆ ತಗ್ಗಿಸಿ, ಸಾವಿನ ಮನೆಯ ರೂಢಿಯಂತೆ ಎರಡು ಕೈ ಮೆಲ್ಲಗೆ ತಟ್ಟಿ, ದುಃಖ ವಿಚಾರಿಸಿದರು. ಅವಳೂ ಕೈ ತಟ್ಟಿದಳು.

"ರುವಿಂಬೊ ಅವ್ವ, ನನಗೂ ಇದು ಸುಖದ ಕೆಲಸ ಅಲ್ಲ," ಎಂದರು ತಗ್ಗಿದ ದನಿಯಲ್ಲಿ. "ಒಬ್ಬರಿಗೆ ಬಿಟ್ಟರೆ ಎಲ್ಲರೂ ಬಿಡು ಅಂತಾರೆ. ಕಟ್ಟಳೆ ಅನ್ನೋದು ಎಲ್ಲರಿಗೂ ಒಂದೇ ಅಲ್ವಾ?"

"ಒಂದೇ," ಎಂದಳು ಮುಚನೆತಾ.

*

ಊಟೆ ಬತ್ತಿದ್ದು ಚರ್ಚು ಕಟ್ಟಿ ಕೆಲವು ವರ್ಷಕ್ಕೆ. ಮೊದಲು ನೀರು ಸಣ್ಣಗಾಯಿತು, ಆಮೇಲೆ ಕೆಸರಾಯಿತು, ಒಂದು ಬೇಸಿಗೆಯಲ್ಲಿ ಕೆಸರೂ ಒಡೆದು ಬಾಯಿಬಿಟ್ಟಿತು. ದನಗಳು ಬಂದು ಅಲ್ಲಿಯೇ ಮೂಗು ಹಾಕಿ ಸತ್ತವು. ಬೋಳು ಬೆಟ್ಟದ ಮಣ್ಣು ಪ್ರತಿ ಮಳೆಗೂ ಇಳಿದು ಬಂದು ಜೋಳದ ಹೊಲಗಳ ಮೇಲೆ ಕೂತಿತು. ಹಿರಿಯರು ಮುನಿದರು ಎಂದರು ಮುದುಕರು. ಬಿಷಪ್ ಆಗಿದ್ದ ಸೆಫನಿಯ ಒಂದು ವಾರ ಒಬ್ಬರೇ ಬೆಟ್ಟ ಹತ್ತಿ ಉಪವಾಸ ಕೂತರು. ಇಳಿದು ಬಂದಾಗ ಬೇರೆಯೇ ಮನುಷ್ಯ. ಈ ಸಲ ಅವರು ಓದಿದ್ದು ಸೃಷ್ಟಿಯ ಕತೆಯ ಎರಡನೆಯ ಪುಟ. ದೇವರು ಮನುಷ್ಯನನ್ನು ತೋಟದಲ್ಲಿಟ್ಟದ್ದು ಒಡೆತನಕ್ಕಲ್ಲ, ಕಾವಲಿಗೆ; ಮಣ್ಣೆಂದರೆ ಕ್ರಿಸ್ತನ ಮೈ, ಅದಕ್ಕೆ ಕೊಡಲಿ ಹಾಕಿದವನು ಮಾಟಗಾರನಿಗಿಂತ ಕಡೆ ಎಂದು ಅತ್ತುಕೊಂಡು ಹೇಳಿದರು. ಅದೇ ಪುಸ್ತಕ, ಒಂದು ಹಾಳೆ ಮಗುಚಿದ್ದರು ಅಷ್ಟೇ.

ಅವತ್ತಿನಿಂದ ಆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸದ ಪಂಕ್ತಿಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಒಂದು ಸಸಿ ಹಿಡಿದು ಹೋಗಬೇಕು. ಎಲ್ಲಿ, ಯಾವ ಮರ ಕಡಿದೆ ಎಂದು ಎಲ್ಲರೆದುರು ಬಾಯಿ ಬಿಟ್ಟು ಹೇಳಬೇಕು. ಆಮೇಲೆ ಸಸಿ ನೆಡಬೇಕು. ಹೇಳದೆ ನೆಟ್ಟದ್ದು ಮೋಸದ ಗಿಡ, ಅದಕ್ಕೆ ಸಭೆಯವರು ಯಾರೂ ನೀರು ಹುಯ್ಯಬಾರದು. ಹೆಂಗಸರು ಸಾಲಾಗಿ ನಿಂತು ಹೇಳಿದರು: ಸೌದೆಗೆ ಕಡಿದೆ, ಬೇಲಿಗೆ ಕಡಿದೆ, ಹೊಳೆದಂಡೆ ಉತ್ತೆ. ಮುಚನೆತಾಳೂ ಹೇಳಿದಳು. ಎನಿಯಾಸನ ಸರದಿ ಬಂದಾಗ ಅವನು ಸಸಿ ಹಿಡಿದು ಬಿಷಪ್ಪರ ಕಡೆ ತಿರುಗಿದ.

"ಉಪ್ಪು ತಿಂದೋನು ನೀರು ಕುಡೀಲೇಬೇಕು, ಸರಿ," ಎಂದ. "ಒಂದೇ ತಟ್ಟೇಲಿ ಇಬ್ಬರು ಉಪ್ಪು ತಿಂದ್ವಿ. ನನ್ನ ಪಕ್ಕ ಬಂದು ನಿಲ್ಲಿ ಬಿಷಪ್ಪರೆ, ಇಬ್ಬರೂ ಒಟ್ಟಿಗೆ ಕುಡಿಯೋಣ."

ಎಳೆಯರಿಗೆ ಆ ಮಾತು ಅರ್ಥವಾಗಲಿಲ್ಲ. ಅರ್ಥವಾದವರು ನೆಲ ನೋಡಿದರು. ಬಿಷಪ್ಪರ ಮುಖದಲ್ಲಿ ನೆತ್ತರಿರಲಿಲ್ಲ. ಅವರವರ ಪಾಪ ಅವರವರದು ಎಂದರು. ಎನಿಯಾಸ ಅಲ್ಲೇ ನಿಲುವಂಗಿ ಬಿಚ್ಚಿ, ಮಡಿಸಿ, ಅವರ ಪಾದದ ಹತ್ತಿರ ಇಟ್ಟು ಹೊರಗೆ ಹೋದ.

ಆಮೇಲೂ ಅವನು ಪ್ರತಿ ಭಾನುವಾರ ಬರುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ತಾನೇ ಸುಟ್ಟ ಇಟ್ಟಿಗೆಯ ಗೋಡೆಗೆ ಹೊರಗಿನಿಂದ ಬೆನ್ನು ಆನಿಸಿ ಕೂತು, ಬಿಸಿಲಲ್ಲಿ, ಒಳಗಿನ ಹಾಡಿಗೆ ಹೊರಗಿನಿಂದ ದನಿ ಕೂಡಿಸುತ್ತಿದ್ದ. ವಾರದ ಉಳಿದ ದಿನ ಅವನು ಹಳೆಯ ಎನಿಯಾಸನೇ. ಇಟ್ಟಿಗೆ ಸುಡುವುದನ್ನು ಬಿಡಲಿಲ್ಲ. ದೂರದ ಹೊಲಗಳಿಂದ ಸೌದೆ ತಂದು ಸುಟ್ಟ, ಕದ್ದೂ ತಂದ. ಬಿಟ್ಟುಬಿಡಿ ಎಂದು ಮುಚನೆತಾ ಅಂಗಲಾಚಿದರೆ, ಇಟ್ಟಿಗೆ ಸುಡದಿದ್ದರೆ ಮಕ್ಕಳ ಹೊಟ್ಟೆ ಸುಡಲಾ ಎಂದು ರೇಗುತ್ತಿದ್ದ. ಹೊಗೆ ಕುಡಿದು ಕುಡಿದು ಎದೆ ಕೆಟ್ಟಿತು. ಕೊನೆಯ ವಾರ, ಉಸಿರು ಎಳೆದುಕೊಳ್ಳುವುದೇ ಒಂದು ಕೂಲಿಯಾದಾಗ, ಅವಳ ಕೈ ಹಿಡಿದು ನಿಲುವಂಗಿ ಕೇಳಿದ. ಅದಿಲ್ಲದೆ ಹೋದರೆ ಮೇಲೆಯೂ ಗೋಡೆಯ ಹೊರಗೇ ಕೂರಿಸುತ್ತಾರೆ ಎಂದ. ಹಾಗಾದರೆ ಒಪ್ಪಿಕೊಂಡುಬಿಡಿ, ಈಗಲೇ ಅವರನ್ನು ಕರೆಸುತ್ತೇನೆ ಎಂದಳು ಅವಳು.

"ನಾನು ಹೇಳಲ್ಲ," ಎಂದ. "ನಾನು ಸತ್ತ ಮೇಲೆ ನಿನಗೆ ಬಿಟ್ಟಿದ್ದು."

ಎಂಥ ಗಂಡಸು! ತನ್ನ ಹಟವನ್ನು ತಾನು ಉಳಿಸಿಕೊಂಡು, ಸೋಲನ್ನು ಹೆಂಡತಿಯ ಸೆರಗಿಗೆ ಕಟ್ಟಿ ಹೋದ. ಅವನು ಸತ್ತ ಬೆಳಿಗ್ಗೆ ಅವಳಿಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು.

*

ಚಾಪೆ ಸುತ್ತಿದ ಹೆಣವನ್ನು ಅಂಗಳಕ್ಕೆ ತಂದಿಟ್ಟರು. ಡೋಲು ನಿಂತಿತು. ಮುಚನೆತಾ ಎದ್ದು ನಿಂತಳು. ರುವಿಂಬೊ ಅವಳ ಬಟ್ಟೆಯ ಅಂಚು ಹಿಡಿದು ಎಳೆದಳು, ಅವಳು ಬಿಡಿಸಿಕೊಂಡಳು. ಅಷ್ಟರಲ್ಲಿ ಗ್ವಾತಿಜೊ ನುಗ್ಗಿ ಬಂದ. ಮೈಮೇಲೆ ಎನಿಯಾಸನ ಮಸಿ ಹಿಡಿದ ಕೋಟು, ತಲೆಗೆ ಅವನದೇ ಟೋಪಿ, ಕೂದಲಿಗೆಲ್ಲ ಗುಂಡಿಯ ಕೆಂಪು ಮಣ್ಣು.

"ಹೆಂಡ್ತಿ ಮಾತಾಡೋದು ಯಾವ ಊರ ಪದ್ಧತಿ?" ಎಂದ. "ಸತ್ತವನ ಬಾಯಿ ನಾನು. ಅವನು ತಿಂದ ಉಪ್ಪಿನ ಲೆಕ್ಕ ನನ್ನ ಹತ್ರ ಇದೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಬಿಷಪ್ ಅವನನ್ನೇ ನೋಡಿದರು. ಸಹ್ವಿರನನ್ನು ತಡೆಯುವುದು ಬಿಷಪ್ಪರಿಂದಲೂ ಆಗದ ಮಾತು. ತಡೆದರೆ ಯಾಕೆ ತಡೆದರು ಎಂದು ಊರು ಕೇಳುತ್ತದೆ. ಹೇಳು ಎಂದು ಕೋಲು ಆಡಿಸಿದರು.

ಗ್ವಾತಿಜೊ ಎದೆ ಹಿಡಿದು ಎನಿಯಾಸನ ಹಾಗೆಯೇ ಉದ್ದಕ್ಕೆ ಕೆಮ್ಮಿದ. ಕೆಮ್ಮು ಎಷ್ಟು ಅವನದೇ ಆಗಿತ್ತೆಂದರೆ ಮುಚನೆತಾ ಬೆಚ್ಚಿ ಚಾಪೆಯ ಕಡೆ ನೋಡಿದಳು. ನಾನು ಎನಿಯಾಸ, ಎಂದು ಶುರು ಮಾಡಿದ ಅವನು. ಹೊಳೆದಂಡೆಯ ಮರ ಕದ್ದದ್ದು ಹೇಳಿದ, ಶಾಲೆಯ ಹಿಂದಿನ ನೀಲಗಿರಿಯನ್ನು ರಾತ್ರೋರಾತ್ರಿ ಸಾಗಿಸಿ ಬೆಳಿಗ್ಗೆ ತಾನೇ ಕಳ್ಳನನ್ನು ಬೈದದ್ದು ಹೇಳಿದ. ಜನ ನಕ್ಕರು, ಬಿಷಪ್ಪರ ತುಟಿಯೂ ಸಡಿಲಾಯಿತು. ಆಮೇಲೆ ಅವನ ದನಿ ಇಳಿಯಿತು.

"ಬೆಟ್ಟಕ್ಕೆ ಕೊಡಲಿ ಹಾಕಿದ್ದೂ ನಾನೇ. ಊಟೆ ಮೇಲಿನ ಅತ್ತಿಮರ ಬೀಳಿಸಿದ್ದೂ ನಾನೇ. ನನ್ನ ಮುಂದೆ ಮುಂದೆ ಸುಣ್ಣದ ಡಬ್ಬಿ ಹಿಡ್ಕೊಂಡು ಹೋಗ್ತಿದ್ದೋರು..."

ಅಲ್ಲಿಗೆ ನಿಲ್ಲಿಸಿ ಅವನು ಮುಚನೆತಾಳ ಕಡೆ ತಿರುಗಿದ. ಹೇಳಲಾ, ಬೇಡವಾ ಎಂದು ಅವನ ಕಣ್ಣು ಕೇಳುತ್ತಿತ್ತು. ನಗು ನಿಂತುಹೋಯಿತು. ಬಿಷಪ್ ನಿಲುವಂಗಿಯನ್ನು ಎದೆಗೆ ಒತ್ತಿ ಹಿಡಿದರು. ಅವರ ಬೆರಳು ಬಿಳಿ ಬಟ್ಟೆಯನ್ನು ಹಿಸುಕುತ್ತಿದ್ದದ್ದು ಅವಳಿಗೆ ಕಂಡಿತು. ಈಗ ಹೇಳಿದರೆ ಅವರು ಆ ಬಟ್ಟೆಯೊಂದಿಗೆ ಹಾಗೆಯೇ ಹಿಂತಿರುಗುತ್ತಾರೆ, ಸಭೆಯೂ ಹಿಂದೆ ಹೋಗುತ್ತದೆ, ಎನಿಯಾಸ ಗೋಡೆಯ ಹೊರಗೇ ಉಳಿಯುತ್ತಾನೆ. ಅವಳು ತಲೆಯನ್ನು ಸ್ವಲ್ಪವೇ, ಅಡ್ಡಕ್ಕೆ ಆಡಿಸಿದಳು.

ಗ್ವಾತಿಜೊ ಮತ್ತೆ ಸಭೆಯ ಕಡೆ ತಿರುಗಿದ.

"...ಯಾರೂ ಇರ್ಲಿಲ್ಲ," ಎಂದ. "ನಾನೊಬ್ನೇ. ಮಣ್ಣಿಗೆ ಮಾಟ ಮಾಡಿದೋನು ನಾನೊಬ್ನೇ."

ರುವಿಂಬೊ ಮುಖ ಮುಚ್ಚಿಕೊಂಡಳು. ಗ್ವಾತಿಜೊ ಟೋಪಿ ತೆಗೆದು ಹೆಣದ ಕಾಲ ಹತ್ತಿರ ಇಟ್ಟು, ಯಾರನ್ನೂ ನೋಡದೆ ಹಿಂದೆ ಸರಿದ. ಹುಟ್ಟಿದಾಗಿನಿಂದ ಯಾರ ಹೆದರಿಕೆಗೂ ಮಾತು ನುಂಗದವನು ಅವನು. ಅವತ್ತು ನುಂಗಿದ್ದು ಅವಳಿಗಾಗಿ.

ನಿಲುವಂಗಿ ಸಿಕ್ಕಿತು. ಆದರೆ ಸೆಟೆದುಕೊಂಡ ತೋಳುಗಳು ಅದರೊಳಗೆ ಹೋಗಲಿಲ್ಲ. ಗ್ವಾತಿಜೊ ಬ್ಲೇಡು ತಂದು ಬೆನ್ನಿನ ಕಡೆ ಕೊರಳಿನಿಂದ ಕೆಳಗಿನವರೆಗೆ ಸೀಳಿ, ಮೇಲಿನಿಂದ ಹೊದಿಸಿ, ಅಂಚುಗಳನ್ನು ಮೈಯಡಿ ಸೇರಿಸಿದ. ಮೇಲಿನಿಂದ ನೋಡಿದವರಿಗೆ ಪೂರ್ತಿ ತೊಟ್ಟ ಹಾಗೆಯೇ ಇತ್ತು. ನಡುಪಟ್ಟಿಯ ಹಸಿರು ಇನ್ನೂ ಮಾಸಿರಲಿಲ್ಲ. ಅಪ್ಪ ಎಷ್ಟು ಚೆನ್ನಾಗಿ ಕಾಣ್ತಾನೆ ಎಂದು ರುವಿಂಬೊ ಅತ್ತಳು, ಅಷ್ಟು ಸಿಟ್ಟಿನಲ್ಲೂ.

ಸಭೆ ಹಾಡಿತು. ಬಿಷಪ್ ಪ್ರಾರ್ಥನೆ ಮಾಡಿದರು, ಮಣ್ಣಿನಿಂದ ಬಂದವನನ್ನು ಮಣ್ಣು ಕ್ಷಮಿಸಲಿ ಎಂದರು. ಎನಿಯಾಸನನ್ನು ಇಳಿಸಿದರು. ಮುಚನೆತಾ ಮೊದಲ ಹಿಡಿ ಮಣ್ಣು ಹಾಕಿದಳು. ಸಲಿಕೆಗಳು ಎದ್ದವು, ಬಿದ್ದವು. ಗುಂಡಿ ತುಂಬಿತು, ದಿಬ್ಬವಾಯಿತು, ಮೇಲೆ ಕಲ್ಲು ಹೇರಿದರು. ಸಾಲುಗಟ್ಟಿ ನಿಂತಿದ್ದ ಹೆಂಗಸರು ನೀರಿನ ಕೊಡ ಇಳಿಸದೆ ಕಾಯುತ್ತಿದ್ದರು. ಸಸಿಗೆ ಮೊದಲ ನೀರು, ಆಮೇಲೆ ಎಲ್ಲರ ಕೈ ತೊಳೆಯಲು.

ಬಿಷಪ್ ಸಸಿಯನ್ನು ಮುಚನೆತಾಳ ಮುಂದೆ ಹಿಡಿದರು.

"ಅವನ ಹೆಸರಲ್ಲಿ ನೆಡು ತಾಯಿ."

ಅದು ಅತ್ತಿ ಸಸಿ. ಅವರೇ ಬೇಕೆಂದು ಆರಿಸಿ ತಂದಿದ್ದರೋ, ಕೈಗೆ ಸಿಕ್ಕಿದ್ದನ್ನು ತಂದಿದ್ದರೋ ಅವಳಿಗೆ ತಿಳಿಯಲಿಲ್ಲ. ಅವಳು ದಿಬ್ಬದ ಕಡೆ ನೋಡಿದಳು. ಇಷ್ಟು ಮಣ್ಣು, ಇಷ್ಟು ಕಲ್ಲು. ಇನ್ನು ಆ ಬಟ್ಟೆಯನ್ನು ಯಾವ ಬಿಷಪ್ಪರೂ ಕಳಚಿಸಿಕೊಳ್ಳಲಾರರು ಎಂದು ಅವಳಿಗೆ ಆಗ ಹೊಳೆಯಿತು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಹೆದರಿಕೆ ಇಳಿದುಹೋಯಿತು. ಅವಳು ಸಸಿಗೆ ಕೈ ಚಾಚಲಿಲ್ಲ.

"ನಮ್ಮನೆಯವರದ್ದು ಹೇಳಿ ಆಯ್ತು ಬಿಷಪ್ಪರೆ," ಎಂದಳು. ದನಿ ಏರಿಸಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. "ತಿಂದ ಉಪ್ಪಿಗೆ ಅವರು ನೀರು ಕುಡಿದಾಯ್ತು. ಊಟೆ ಹತ್ರ ನಾನೂ ಕೊಡ ಹಿಡ್ಕೊಂಡು ನಿಂತಿದ್ದೆ, ನೆನಪಿದ್ಯಾ? ಸುಣ್ಣ ಹಚ್ಚಿದ ಕೈ ಯಾವ್ದು ಅಂತ ನೋಡಿದ್ದೆ. ಈ ಗಿಡ ನಿಮ್ದು."

ಡೋಲಿನವನು ಹಾಡು ಎತ್ತಿ ಮಾತು ಮುಚ್ಚಿಸಲು ನೋಡಿದ. ಅವನ ಜೊತೆ ದನಿ ಕೂಡಿಸುವವರು ಸಿಗದೆ ಒಂದು ಸಾಲಿಗೇ ನಿಲ್ಲಿಸಿದ. ಬಿಷಪ್ ಸೆಫನಿಯರ ಬಾಯಿ ತೆರೆಯಿತು, ಮುಚ್ಚಿತು. ಮುಖ ಬೂದಿಯಾಗಿತ್ತು. ಈ ಮನುಷ್ಯ ಈಗ ಹೇಳಿದರೆ ನಾನೇ ಇವರ ಕಾಲು ಒತ್ತುತ್ತೇನೆ ಎಂದುಕೊಂಡಳು ಮುಚನೆತಾ. ನಿಜವಾಗಿ ಹಾಗೆಯೇ ಅಂದುಕೊಂಡಳು.

ಬಿಷಪ್ ಕೋಲನ್ನು ಬಿಟ್ಟರು. ಒಂದು ಮಂಡಿ, ಆಮೇಲೆ ಇನ್ನೊಂದು, ನರಳುತ್ತಾ ನೆಲಕ್ಕೆ ಊರಿದರು. ದಿಬ್ಬದ ತಲೆಯ ಕಡೆ ಸಡಿಲ ಮಣ್ಣನ್ನು ಬರಿಗೈಯಲ್ಲಿ ಬಗೆದರು. ಹಲ್ಲಿನಿಂದ ಕಚ್ಚಿ ಪ್ಲಾಸ್ಟಿಕ್ ಚೀಲ ಹರಿದರು. ಸಸಿ ಇಟ್ಟು, ಸುತ್ತ ಮಣ್ಣು ಒತ್ತಿ, ತುಂಬ ಹೊತ್ತು ಒತ್ತುತ್ತಲೇ ಇದ್ದರು. ಅವರ ಗಲ್ಲದ ಮೇಲೆ ಕಣ್ಣೀರಿತ್ತು. ಬಾಯಿ ಮಾತ್ರ ಬಿಡಲಿಲ್ಲ.

ಆಮೇಲೆ ಮಂಡಿಯ ಮೇಲಿದ್ದ ಹಾಗೆಯೇ, ನೀರು ಎಂದು ಕೈ ಚಾಚಿದರು. ತಲೆಯ ಮೇಲೆ ಕೊಡ ಹೊತ್ತ ಹೆಂಗಸರು ಸಾಲಾಗಿ ನಿಂತೇ ಇದ್ದರು, ಹೇಳದೆ ನೆಟ್ಟ ಗಿಡದ ಕಡೆ ಒಬ್ಬಳೂ ಹೆಜ್ಜೆ ಕಿತ್ತಿಡಲಿಲ್ಲ.